ವೇದಿಕೆಯ ಕೆಳಗೆ ಗಂಜಿಯಣ್ಣ

ತಮ್ಮ ತೀರಿಕೊಂಡ ಮೇಲೆ ಗಂಜಿಯಣ್ಣನಿಗೆ ನಿದ್ದೆ ಬಾರದಾಯಿತು. ಅದಕ್ಕೆ ದುಃಖ ಕಾರಣವೆಂದು ನೆಂಟರು ತಿಳಿದರು, ಪಿತ್ತ ಕಾರಣವೆಂದು ಪಕ್ಕದ ಔಷಧಿ ಅಂಗಡಿಯವನು ತಿಳಿದ. ಗಂಜಿಯಣ್ಣನನ್ನೇ ಕೇಳಿದ್ದರೆ, ಮನೆಯಲ್ಲಿ ಗದ್ದಲ ಸಾಲದು ಎನ್ನುತ್ತಿದ್ದ. ಆದರೆ ಅವನನ್ನು ಯಾರೂ ಕೇಳಲಿಲ್ಲ. ಅವನನ್ನು ಒಂದು ಮಾತು ಕೇಳುವ ಪದ್ಧತಿ ಲೋಕದಲ್ಲಿ ಮೊದಲಿನಿಂದಲೂ ಇರಲಿಲ್ಲ.

ಅವನದು ಲಾಂಡ್ರಿ. ಬೀದಿಯ ಕಡೆಗೆ ಅಂಗಡಿ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಮೇಲೆ ಹಲಗೆ ಹಾಸಿದ ಒಂದು ಮಹಡಿ ಕೋಣೆ. ಅಂಗಿಗೆ ಗಂಜಿ ಹಾಕುವುದರಲ್ಲಿ ಅವನ ಕೈ ಸ್ವಲ್ಪ ಧಾರಾಳ. ಅವನು ಇಸ್ತ್ರಿ ಮಾಡಿದ ಅಂಗಿ ಮನುಷ್ಯನಿಲ್ಲದೆಯೂ ಕುರ್ಚಿಯಲ್ಲಿ ನೆಟ್ಟಗೆ ಕೂರಬಲ್ಲದು ಎಂದು ಗಿರಾಕಿಗಳು ಹೇಳುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. ಅಂಗಿಗಳಿಗೆ ಬಂದ ಬಿಗುವಿನಲ್ಲಿ ಕಾಲುಪಾಲು ಅವನಿಗೆ ಬಂದಿದ್ದರೆ ಅವನ ಬದುಕು ಬೇರೆಯಾಗುತ್ತಿತ್ತು. ಬರಲಿಲ್ಲ. ಯಾರು ಏನೆಂದರೂ ಹೌದೆನ್ನುವುದು ಅವನ ಸ್ವಭಾವ. ಎದುರಿನವನು ತನ್ನ ಮಾತನ್ನೇ ಬದಲಾಯಿಸಿದರೆ ಅದಕ್ಕೂ ಹೌದೆನ್ನುತ್ತಿದ್ದ.

ಅವನ ಮದುವೆಯಾದಾಗ ತಮ್ಮನಿಗೆ ಇನ್ನೂ ಮೂಗು ಒರೆಸಿಕೊಳ್ಳಲು ಬರುತ್ತಿರಲಿಲ್ಲ. ತಾಯಿಯಿಲ್ಲದ ಆ ಹುಡುಗನನ್ನು ಸಾಕಿದವಳು ಅತ್ತಿಗೆ. ದೇವರು ಆಕೆಗೆ ಬೇರೆ ಮಕ್ಕಳನ್ನು ಕೊಡಲಿಲ್ಲ. ಹುಡುಗ ದೊಡ್ಡವನಾದ, ಮದುವೆಯಾಗಲಿಲ್ಲ, ಅಣ್ಣನ ಅಂಗಡಿಯಲ್ಲೇ ಇಸ್ತ್ರಿಗೆ ನಿಂತ. ತಲೆ ನರೆತರೂ ಅತ್ತಿಗೆಯ ಪಾಲಿಗೆ ಅವನು ಹುಡುಗನೇ. ಆಳು ಬಟ್ಟೆ ತೂಗುಹಾಕುವ ಹ್ಯಾಂಗರಿನಷ್ಟು ಸಣಕಲು. ಇಸ್ತ್ರಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಟ್ಟುವುದರಲ್ಲೂ ಅವನಿಗೊಂದು ತಾಳ ಇತ್ತು. ಆ ತಾಳ ಬೆಳೆದು ಮಹಡಿ ಕೋಣೆಯಲ್ಲಿ ಡ್ರಮ್ಸ್ ಆಯಿತು. ಭಾನುವಾರ ಸಂಜೆ ಅವನ ರಾಕ್ ಬ್ಯಾಂಡಿನ ಮೂವರು ಗೆಳೆಯರು ಹಿಂದಿನ ಮೆಟ್ಟಿಲು ಹತ್ತಿ ಬರುತ್ತಿದ್ದರು: ಹಾಡುವುದಕ್ಕೆ ಹಲ್ಲಿನ ಡಾಕ್ಟರು, ಗಿಟಾರಿಗೆ ಬಸ್ಸಿನ ಡ್ರೈವರು, ದಪ್ಪ ತಂತಿಯ ಇನ್ನೊಂದು ಗಿಟಾರಿಗೆ ಗಣಿತದ ಮೇಷ್ಟ್ರು. ಆಮೇಲೆ ಅಡುಗೆಮನೆಯ ಚಾವಣಿಯಿಂದ ಸುಣ್ಣ ಉದುರುತ್ತಿತ್ತು, ಪಾತ್ರೆಯ ಮುಚ್ಚಳಗಳು ತಾವಾಗಿಯೇ ಕುಣಿಯುತ್ತಿದ್ದವು.

ಆ ಗದ್ದಲದಲ್ಲಿ ಊಟಕ್ಕೆ ಕೂಗಿದರೆ ಯಾರಿಗೆ ಕೇಳಬೇಕು? ಅದಕ್ಕೆ ಗಂಜಿಯಣ್ಣ ಒಂದು ಉಪಾಯ ಕಂಡುಕೊಂಡಿದ್ದ. ಅವನ ಆಯುಷ್ಯದಲ್ಲಿ ಅವನೇ ಕಂಡುಕೊಂಡ ಉಪಾಯ ಅದೊಂದೇ. ತಮ್ಮನ ಬಾರಿಸುವಿಕೆಯಲ್ಲಿ ಒಂದು ಐಬಿತ್ತು. ಕೊನೆಯ ಪೆಟ್ಟಿಗೆ ಮುಂಚೆ ಅವನ ಕೈ ಅರೆಗಳಿಗೆ ನಿಲ್ಲುತ್ತಿತ್ತು, ಒಳಗೆ ಬರುವವನು ಹೊಸಿಲ ಬಳಿ ಕಾಲೊರೆಸಲು ನಿಂತ ಹಾಗೆ. ಅತ್ತಿಗೆ ಊಟ ಸಿದ್ಧವೆಂದು ಕಣ್ಣಲ್ಲೇ ಹೇಳಿದೊಡನೆ ಗಂಜಿಯಣ್ಣ ಹಗ್ಗಕ್ಕೆ ಬಟ್ಟೆ ಎತ್ತಿ ಹಾಕುವ ಉದ್ದನೆಯ ಕೋಲು ಹಿಡಿದು, ಮೇಲೆ ನೋಡುತ್ತ, ಆ ಅರೆಗಳಿಗೆಗೆ ಹೊಂಚುಹಾಕಿ ನಿಲ್ಲುತ್ತಿದ್ದ. ಅದು ಬಂದ ಕೂಡಲೇ ಚಾವಣಿಗೆ ಟಕ್ ಟಕ್ ಟಕ್. ಮೇಲೆ ಎಲ್ಲವೂ ನಿಂತುಹೋಗುತ್ತಿತ್ತು. ತಮ್ಮ ಇಳಿದು ಬರುತ್ತಿದ್ದ. ಒಬ್ಬನೇ ಬರುತ್ತಿದ್ದ.

ಅತ್ತಿಗೆಗೆ ಇದೇ ಕೊರಗು. ಭಾನುವಾರ ಬಂತೆಂದರೆ ಆ ಮೂವರಿಗೂ ಸೇರಿಸಿ ದೊಡ್ಡ ಪಾತ್ರೆ ಇಡುತ್ತಿದ್ದಳು. ಅವರೋ ಒಂದು ದಿನವೂ ಅಡುಗೆಮನೆಗೆ ಇಣುಕಿದವರಲ್ಲ. ಹಿಂದಿನ ಮೆಟ್ಟಿಲಿಂದಲೇ ಮಾಯ. ಅವರಿಗೆ ಹಸಿವಿಲ್ಲವಂತೆ, ಹೊರಗೆ ತಿಂದಾಯಿತಂತೆ ಎಂದು ಮೈದುನ ತಲೆ ತಗ್ಗಿಸಿ ಹೇಳುತ್ತಿದ್ದ. ಅನ್ನ ಚೆಲ್ಲಿದರೆ ಪಾಪ ಬರುತ್ತದೆಂದು ಮೂವರ ಪಾಲನ್ನೂ ತಾನೇ ಮುಂದೆಳೆದುಕೊಂಡು, ಬೆವರುತ್ತ ಉಂಡು, ಕೊನೆಗೆ ಸಟ್ಟುಗದಿಂದ ಪಾತ್ರೆಯ ತಳವನ್ನೂ ಕರಕರ ಕೆರೆಯುತ್ತಿದ್ದ. ತನ್ನ ಮನಸ್ಸು ನೋಯಬಾರದೆಂದು ಹುಡುಗ ಹೊಟ್ಟೆ ಬಿರಿಯೆ ತಿನ್ನುತ್ತಾನೆ ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅವನು ಸತ್ತ ದಿನವೂ ಆ ಮೂವರು ಎದುರಿನ ಕಾಲುದಾರಿಯಲ್ಲಿ ನಿಂತಿದ್ದರೇ ಹೊರತು ಮನೆಯೊಳಗೆ ಬರಲಿಲ್ಲ. ನೀರಾದರೂ ಕುಡಿಯಿರಿ ಎನ್ನಲು ಗಂಜಿಯಣ್ಣ ರಸ್ತೆ ದಾಟಿದ. ಅವನು ಬರುವುದನ್ನು ಕಂಡದ್ದೇ ಮೂವರೂ ಮೂರು ದಿಕ್ಕಿಗೆ ಸರಿದುಬಿಟ್ಟರು.

ಹೀಗಿರಲು ಅಂಚೆ ಕಚೇರಿಯ ಹುಡುಗಿ ಒಂದು ದಿನ ಸೀರೆ ಒಗೆಯಲು ಕೊಡುವುದಕ್ಕೆ ಬಂದಳು. ದಿನವಿಡೀ ಕಾಗದಗಳ ಮೇಲೆ ಮುದ್ರೆ ಕುಟ್ಟುವ ಅವಳ ಕೈಯನ್ನು ನೋಡಿ ತಮ್ಮ ಅವಳಿಗೆ ಕ್ಲಬ್ಬಿನಲ್ಲಿ ಡ್ರಮ್ಸ್ ಕಲಿಸುತ್ತಿದ್ದನಂತೆ. ಶನಿವಾರ ಸಂಜೆ ಅಲ್ಲೇ ಊರಿನ ಬ್ಯಾಂಡುಗಳೆಲ್ಲ ಸೇರಿ ಅವನ ನೆನಪಿಗೆ ಬಾರಿಸುತ್ತವೆ, ಕೊನೆಯಲ್ಲಿ ಅವನ ಜಾಗದಲ್ಲಿ ತಾನೇ ಕೂರಬೇಕು, ನೀವಿಬ್ಬರೂ ಬರಬೇಕು ಎಂದು ಕರೆದಳು. ಗಂಜಿಯಣ್ಣ ಅಭ್ಯಾಸದಂತೆ ಹೌದೆಂದ.

ಹೆಂಡತಿ ಮಾತ್ರ ಒಲ್ಲೆನೆಂದಳು. ಅವನು ಕೂರುತ್ತಿದ್ದ ಜಾಗದಲ್ಲಿ ಬೇರೊಬ್ಬರನ್ನು ನೋಡುವ ಶಕ್ತಿ ತನಗಿಲ್ಲ ಎಂದಳು. ಆಮೇಲೆ ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

"ನೀವು ಹೋಗಿ ಬನ್ನಿ. ಅಲ್ಲಿ ಹೇಗೆ ಬಾರಿಸ್ತಿದ್ದನೋ, ಕೇಳ್ಕೊಂಡು ಬಂದು ನನಗೆ ಹೇಳಿ. ಆ ಮೂರು ಜನಾನೂ ಸಿಕ್ತಾರಲ್ಲ, ಅವರನ್ನ ಒಂದೇ ಒಂದು ಮಾತು ಕೇಳಿ. ನನ್ನ ಅಡುಗೇಲಿ ಏನು ಕಮ್ಮಿ ಇತ್ತು? ಆ ಊಟದಲ್ಲೇ ಒಂದು ಮಗೂನ ಬೆಳೆಸಿದೀನಿ ನಾನು. ಉಪ್ಪು ಕಮ್ಮಿನೋ, ಕೈ ಗುಣ ಸರಿ ಇಲ್ಲವೋ, ಬಾಯಿಬಿಟ್ಟು ಹೇಳಲಿ. ಕೇಳ್ತೀರಾ ತಾನೆ?"

"ಕೇಳ್ತೀನಿ."

"ಹೌದು ಅಂದ್ಕೊಂಡು ಬಂದ್ಬಿಡಬೇಡಿ. ಕೇಳ್ಬೇಕು."

ಗಂಜಿಯಣ್ಣ ಅದಕ್ಕೂ ಹೌದೆಂದ.

ಸುದ್ದಿ ಬೀದಿಗೆ ಹರಡಿತು. ಔಷಧಿ ಅಂಗಡಿಯವನು ಗಿರಾಕಿಗಳನ್ನು ಕಾಯಿಸಿ ಬಂದು, ರಾಕ್ ಸಂಗೀತಕ್ಕೆ ಎದೆಯೊಳಗಿನ ಕವಾಟ ಕಳಚಿಕೊಳ್ಳುತ್ತದೆಂದೂ, ಹಾಗಾದವರು ತನಗೆ ಗೊತ್ತೆಂದೂ, ಅವರೆಲ್ಲ ಈಗ ಇಲ್ಲವೆಂದೂ ಹೇಳಿ, ಕಿವಿಗೆ ತುರುಕಿಕೊಳ್ಳಲು ಹತ್ತಿಯ ಒಂದಿಡೀ ಸುರುಳಿ ಕೊಟ್ಟ. ಅದು ಎರಡು ಕಿವಿಗಲ್ಲ, ಎರಡು ದಿಂಬಿಗೆ ಸಾಲುವಷ್ಟಿತ್ತು. ಹೆಂಡತಿಯ ಅಣ್ಣ, ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ವಿಷಯ ತಿಳಿದು ಕೊಡೆಯ ಸಮೇತ ಬಂದರು. ಸೂತಕದ ಮನೆಯವರು ಕ್ಲಬ್ಬಿಗೆ ಹೋಗುವುದು ಸಲ್ಲದೆಂದು ಕಾಫಿ ಬರುವ ತನಕ ವಾದಿಸಿದರು. ಕಾಫಿ ಕುಡಿದ ಮೇಲೆ, ಹೋಗುವುದೇ ಆದರೆ ಕೋಟಿಲ್ಲದೆ ಹೋಗಬಾರದು, ಕ್ಲಬ್ಬು ಎಂದರೆ ದೊಡ್ಡವರು ಕೂತು ಇಸ್ಪೀಟು ಆಡುವ ಜಾಗ, ಅಲ್ಲಿ ಮರ್ಯಾದೆ ಇರುವುದು ಗುಂಡಿಯಲ್ಲಿ ಎಂದು ತೀರ್ಪು ಕೊಟ್ಟರು. ಹೋಗುವಾಗ ಕೊಡೆ ಮರೆತು ಹೋದರು.

ಗಂಜಿಯಣ್ಣನಿಗೆ ಸ್ವಂತ ಕೋಟು ಇರಲಿಲ್ಲ. ಅಂಗಡಿಯ ಮೂಲೆಯಲ್ಲಿ ಯಾರೋ ಕೊಟ್ಟು ಮರೆತ ಕಪ್ಪು ಕೋಟೊಂದು ವರ್ಷಗಳಿಂದ ತೂಗುತ್ತಿತ್ತು. ಹಿತ್ತಾಳೆ ಗುಂಡಿ, ತೋಳಿಗೊಂದು ಪಟ್ಟಿ. ಯಾವ ಅಧಿಕಾರಿಯದೋ, ಯಾವ ಇಲಾಖೆಯದೋ. ಅದಕ್ಕೂ ತುಸು ಗಂಜಿ ಹಾಕಿ ತೊಟ್ಟುಕೊಂಡ. ಕನ್ನಡಿಯಲ್ಲಿ ನೋಡಿದರೆ ಬೇರೆಯೇ ಮನುಷ್ಯ ನಿಂತಿದ್ದ, ಅವನು ಗಂಜಿಯಣ್ಣನನ್ನು ಯಾಕಯ್ಯಾ ಬಂದೆ ಎಂದು ಕೇಳುವ ಹಾಗಿತ್ತು. ಭಾವನ ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಶನಿವಾರ ಸಂಜೆ ಹೊರಟ.

ಕ್ಲಬ್ಬು ಒಂದು ಚಪ್ಪಲಿ ಅಂಗಡಿಯ ಪಕ್ಕದ ಹಳೆಯ ಗೋದಾಮು. ಹೊರಗೆ ಹುಡುಗ ಹುಡುಗಿಯರು ಗುಂಪುಗುಂಪಾಗಿ ನಿಂತಿದ್ದರು. ಎಲ್ಲರದೂ ಕಪ್ಪು ಬಟ್ಟೆ, ಮಂಡಿಯಲ್ಲಿ ಹರಿದ ಪ್ಯಾಂಟು. ಗಂಜಿಯಣ್ಣ ಎದೆಯ ಮೇಲೆ ಕೈಯಿಟ್ಟುಕೊಂಡ. ಈ ಪೈಕಿ ಒಂದು ಪ್ಯಾಂಟು ತನ್ನ ಅಂಗಡಿಯಿಂದ ಹೀಗೆ ಮರಳಿದ್ದರೂ ಬೀದಿಯಲ್ಲಿ ತಲೆಯೆತ್ತುವಂತಿರಲಿಲ್ಲ.

ಬಾಗಿಲಲ್ಲಿದ್ದ ದಾಂಡಿಗ ಮೊದಲು ಕೋಟು ನೋಡಿದ, ಆಮೇಲೆ ಗುಂಡಿ ನೋಡಿದ, ಕೈಯಲ್ಲಿದ್ದ ಸಿಗರೇಟನ್ನು ಬೆನ್ನ ಹಿಂದೆ ಹಿಡಿದು ಒಳಗೆ ಓಡಿದ. ಆ ವಾರವಷ್ಟೇ ಅಕ್ಕಪಕ್ಕದವರು ಶಬ್ದ ಹೆಚ್ಚಾಯಿತೆಂದು ಮೇಲಿನವರಿಗೆ ದೂರು ಕೊಟ್ಟಿದ್ದರು. ತಪಾಸಣೆಗೆ ಇಂದೋ ನಾಳೆಯೋ ಯಾರಾದರೂ ಬರುವರೆಂದು ಮ್ಯಾನೇಜರು ಉಗುರು ಕಚ್ಚುತ್ತ ಕಾದಿದ್ದ. ಈಗ ಓಡಿ ಬಂದು ಕೈಮುಗಿದ.

"ಸಾರ್, ತಾವೊಬ್ಬರೇ ಬಂದ್ರಾ?"

"ಹೌದಪ್ಪ. ಮನೆಯವರು ಬರಲ್ಲ ಅಂದ್ರು. ಇಲ್ಲಿ ಸದ್ದು ಹೇಗಿರುತ್ತೆ ಅಂತ ಪೂರ್ತಿ ಕೇಳ್ಕೊಂಡು ಹೋಗಿ ಹೇಳ್ಬೇಕು."

ಮ್ಯಾನೇಜರಿನ ಮುಖದಲ್ಲಿದ್ದ ರಕ್ತವೆಲ್ಲ ಅಂಗಾಲಿಗೆ ಇಳಿಯಿತು. ಗಂಜಿಯಣ್ಣನನ್ನು ಮೆತ್ತನೆಯ ಕುರ್ಚಿಯಲ್ಲಿ, ವೇದಿಕೆಯಿಂದ ಆದಷ್ಟು ದೂರ ಕೂರಿಸಿ, ಹಣ್ಣಿನ ರಸ ತರಿಸಿದ. ಇಂಥ ಮರ್ಯಾದೆ ತಮ್ಮನ ಪುಣ್ಯ ಎಂದುಕೊಂಡು ಗಂಜಿಯಣ್ಣ ಕುಡಿದ.

ಮೊದಲ ಬ್ಯಾಂಡು ಶುರುವಾದದ್ದು ಬೆಟ್ಟದಿಂದ ಬಂಡೆ ಉರುಳಿದ ಹಾಗೆ. ಗಂಜಿಯಣ್ಣನ ಎದೆ ಗುಡುಗಿತು, ಕೋಟಿನ ಗುಂಡಿಗಳು ಸಣ್ಣಗೆ ನಡುಗಿದವು. ಅವನಿಗೆ ಹೆದರಿಕೆಯಾಯಿತು, ಹೆದರಿಕೆಯ ಒಳಗೆ ಒಂದು ಸಮಾಧಾನವೂ ಆಯಿತು. ಬಹಳ ದಿನಗಳ ಮೇಲೆ ಮೈಗೆ ಮನೆಯ ಹವೆ ತಾಗಿದಂತಿತ್ತು. ಅಷ್ಟರಲ್ಲಿ ಮ್ಯಾನೇಜರು ಮೂಲೆಯಿಂದ ಕೈ ಮಾಡಿದ, ಸದ್ದು ಅರ್ಧಕ್ಕೆ ಇಳಿಯಿತು. ಏನಾಯಿತೆಂದು ತಿಳಿಯದೆ ಗಂಜಿಯಣ್ಣ ಚೆನ್ನಾಗಿ ಕೇಳಲೆಂದು ಕಿವಿಯ ಹಿಂದೆ ಅಂಗೈ ಬಟ್ಟಲು ಮಾಡಿ ಹಿಡಿದ. ಸಾಹೇಬರು ಕಿವಿ ಮುಚ್ಚಿಕೊಂಡರೆಂದು ಮ್ಯಾನೇಜರು ಮತ್ತೆ ಕೈ ಮಾಡಿದ, ಸದ್ದು ಇನ್ನೂ ಇಳಿಯಿತು. ಗಂಜಿಯಣ್ಣ ಮುಂದಕ್ಕೆ ಬಗ್ಗಿದ. ಸಾಹೇಬರು ತಲೆ ಹಿಡಿದು ಬಗ್ಗಿದರೆಂದು ಎರಡು ಸ್ಪೀಕರುಗಳನ್ನೇ ಆರಿಸಿದರು.

ಎರಡನೆಯ ಬ್ಯಾಂಡಿನವರು ಬರುವಾಗಲೇ ಕಿವಿಮಾತು ಕೇಳಿಸಿಕೊಂಡು ಬಂದಿದ್ದರು. ಮೈತುಂಬ ಹಚ್ಚೆಯಿದ್ದ, ತಲೆ ಬೋಳಿಸಿದ ಒಬ್ಬ ಭಾರಿ ಆಸಾಮಿ, ಲೋಕವನ್ನೇ ಸುಡುತ್ತೇನೆ ಎಂಬ ಅರ್ಥದ ಹಾಡನ್ನು ತೊಟ್ಟಿಲು ತೂಗುವ ದನಿಯಲ್ಲಿ ಹಾಡಿದ. ಹುಡುಗರು ಗೊಣಗಿದರು. ಮುಂದಿನ ಸಾಲಿನಲ್ಲಿ ಕುಣಿಯಲು ಬಂದಿದ್ದವರು ಎರಡು ಹೆಜ್ಜೆ ಹಾಕಿ, ತಮ್ಮ ಬೂಟಿನ ಸಪ್ಪಳವೇ ಹಾಡಿಗಿಂತ ಜೋರಾದದ್ದನ್ನು ಕಂಡು ನಾಚಿ ನಿಂತರು. ತಮ್ಮನ ನೆನಪಿಗೆಂದು ಹೊರಟ ಹಾಡು ಹೀಗೆ ನೀರಾಗಿ ಹೋಗುವುದನ್ನು ನೋಡಿ ಗಂಜಿಯಣ್ಣನ ಕಣ್ಣು ತುಂಬಿತು. ಹೆಂಡತಿಗೆ ಹೋಗಿ ಏನು ಹೇಳಲಿ? ಕರವಸ್ತ್ರಕ್ಕೆ ಜೇಬಿಗೆ ಕೈ ಹಾಕಿದ, ಔಷಧಿ ಅಂಗಡಿಯ ಹತ್ತಿ ಕೈಗೆ ಬಂತು. ಅದರಲ್ಲೇ ಕಣ್ಣೊರೆಸಿದ.

ಆ ಹತ್ತಿಯ ಗಾತ್ರ ನೋಡಿ ಮ್ಯಾನೇಜರಿಗೆ ಬವಳಿ ಬಂತು. ಇವತ್ತಿಗೆ ಮುಗಿಸಿಬಿಡೋಣ ಎಂದು ಹೇಳಲು ವೇದಿಕೆಯ ಮಗ್ಗುಲಿಗೆ ಓಡಿದ. ಅಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದ ಹಲ್ಲಿನ ಡಾಕ್ಟರು, ಬಸ್ಸಿನ ಡ್ರೈವರು, ಗಣಿತದ ಮೇಷ್ಟ್ರು ಪರದೆಯ ಸಂದಿಯಿಂದ ಇಣುಕಿದರು. ಇಣುಕಿದ ಮೂವರೂ ಒಟ್ಟಿಗೇ ಹಿಂದಕ್ಕೆ ಸರಿದರು.

ಅದು ಇನ್‌ಸ್ಪೆಕ್ಟರು ಅಲ್ಲ ಎಂದು ಡಾಕ್ಟರು ಪಿಸುಗುಟ್ಟಿದರು. ಮ್ಯಾನೇಜರು ನಿಟ್ಟುಸಿರು ಬಿಟ್ಟ.

"ಖುಷಿ ಪಡಬೇಡಿ," ಎಂದರು ಮೇಷ್ಟ್ರು. "ಅವನ ಅಣ್ಣ ಅದು. ಇನ್‌ಸ್ಪೆಕ್ಟರಾದ್ರೆ ಕೈಕಾಲು ಹಿಡೀಬಹುದಿತ್ತು."

ಮ್ಯಾನೇಜರಿಗೆ ಆಗ ತಿಳಿದದ್ದು ಇಷ್ಟು: ಈ ಅಣ್ಣ ಎಂಬಾತ ಚಮಚ ಬಿದ್ದ ಸದ್ದನ್ನೂ ಸಹಿಸದವನು. ಭಾನುವಾರ ಭಾನುವಾರ ಕೆಳಗಿನಿಂದ ಕೋಲಿನಲ್ಲಿ ಕುಟ್ಟುತ್ತಿದ್ದವನು. ಆ ಕುಟ್ಟು ಕೇಳಿದರೆ ಪಾಪ ಅವರ ಗೆಳೆಯನ ಮುಖ ಬಿಳಿಚಿಕೊಳ್ಳುತ್ತಿತ್ತು. ನೀವು ಹೋಗಿಬಿಡಿ, ಬೈಗುಳ ನಾನೊಬ್ಬನೇ ತಿನ್ನುತ್ತೇನೆ ಎಂದು ಅವರನ್ನು ಹಿಂದಿನ ಮೆಟ್ಟಿಲಿಂದ ಸಾಗಹಾಕಿ ತಾನು ಇಳಿದುಹೋಗುತ್ತಿದ್ದ. ಇಂಥ ಅಣ್ಣ ಇಂದು ಎದ್ದು ಬಂದಿದ್ದಾನೆಂದರೆ ಎಷ್ಟು ದಿನದ ಸಿಟ್ಟು ಗಂಟು ಕಟ್ಟಿಕೊಂಡು ಬಂದಿರಬೇಡ.

ಮೂವರೂ ಬಂದು ಗಂಜಿಯಣ್ಣನ ಮುಂದೆ ತಪ್ಪು ಮಾಡಿದ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತರು. ಗಂಜಿಯಣ್ಣ ತಡಬಡಿಸಿ ಎದ್ದ. ಕೇಳಬೇಕಾದ ಮಾತು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೇ ಆಗಿತ್ತು.

"ನೋಡಿ, ನಮ್ಮನೇಲಿ ನೀವು ಭಾನುವಾರ—"

"ತಪ್ಪಾಯ್ತು ಅಣ್ಣ," ಎಂದರು ಡಾಕ್ಟರು.

"ಅಲ್ಲ, ನಮ್ಮ ಮನೆಯವರು ಬಹಳ ನೊಂದ್ಕೊಂಡು—"

"ಅವರಿಗೂ ತೊಂದ್ರೆ ಕೊಟ್ವಿ," ಎಂದ ಡ್ರೈವರು. "ಸತ್ತ ದಿನಾನೂ ಮುಖ ತೋರಿಸೋ ಧೈರ್ಯ ಆಗಲಿಲ್ಲ ಅಣ್ಣ."

"ಒಂದೇ ಒಂದು ಮಾತು ಕೇಳ್ಬೇಕಿತ್ತು—"

ಒಂದಲ್ಲ ನೂರು ಕೇಳಿ, ಕೇಳುವ ಹಕ್ಕು ನಿಮಗಿದೆ, ಆದರೆ ಇವತ್ತೊಂದು ದಿನ ಅವನ ಹೆಸರಿನಲ್ಲಿ ಒಂದೇ ಹಾಡು ಬಾರಿಸಲು ಬಿಡಿ ಎಂದು ಮೇಷ್ಟ್ರು ಕೈಜೋಡಿಸಿದರು. ಬಾರಿಸಿ ಎಂದ ಗಂಜಿಯಣ್ಣ. ಅದು ಅಣ್ಣನ ದೊಡ್ಡ ಮನಸ್ಸು ಎಂದು ಮೂವರೂ ತಿಳಿದರು. ದೊಡ್ಡ ಮನಸ್ಸಿನವರಿಗೆ ಹಿಂಸೆ ಕೊಡುವುದು ತರವಲ್ಲ. ಆದ್ದರಿಂದ ಸದ್ದು ಎಲ್ಲಕ್ಕಿಂತ ಕಡಿಮೆ ಬೀಳುವ ಒಂದು ಜಾಗಕ್ಕೆ ಅವನನ್ನು ಕರೆದುಕೊಂಡು ಹೋದರು. ಅದು ವೇದಿಕೆಯ ಕೆಳಗಿನ ಉಗ್ರಾಣ. ಯಾರ ಉಪಕಾರಕ್ಕೂ ಬೇಡವೆನ್ನಲು ಗೊತ್ತಿಲ್ಲದ ಗಂಜಿಯಣ್ಣ ಮೆಟ್ಟಿಲಿಳಿದು ಹೋದ. ಕುರ್ಚಿ ಹಾಕಿದರು, ದಿಂಬು ಕೊಟ್ಟರು, ಅವನದೇ ಹತ್ತಿಯನ್ನು ಅವನ ಎರಡು ಕಿವಿಗೂ ಡಾಕ್ಟರು ಕೈಯಾರೆ, ಹಲ್ಲಿಗೆ ಸಿಮೆಂಟು ತುಂಬುವ ನಾಜೂಕಿನಲ್ಲಿ ತುಂಬಿದರು. ಬಾಗಿಲು ಮುಚ್ಚಿದರು.

ತಮ್ಮನ ಸಂಗೀತ ಕೇಳಲು ಕೋಟು ತೊಟ್ಟು ಬಂದವನು ಹೀಗೆ ಮುರಿದ ಕುರ್ಚಿಗಳ, ಪೊರಕೆಗಳ, ಖಾಲಿ ಡಬ್ಬಗಳ ನಡುವೆ, ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಕುಳಿತ. ಮನುಷ್ಯನನ್ನು ಎಲ್ಲಿ ಕೂರಿಸಬೇಕೆಂದು ದೇವರಿಗೆ ಗೊತ್ತಿರುತ್ತದೆ, ಕೂತವನಿಗೆ ಗೊತ್ತಿರುವುದಿಲ್ಲ.

ತಲೆಯ ಮೇಲೆ ಹಲಗೆಗಳು ಕಿರುಗುಟ್ಟಿದವು. ಅಣ್ಣನನ್ನು ಕೆಳಗೆ ಭದ್ರ ಮಾಡಿದ್ದರಿಂದ ಮೇಲೆ ಯಾರಿಗೂ ಅಂಜಿಕೆಯಿರಲಿಲ್ಲ. ಆರಿಸಿದ ಸ್ಪೀಕರುಗಳನ್ನೆಲ್ಲ ಹಚ್ಚಿದರು. ಗಿಟಾರು ಕೂಗಿತು, ಡಾಕ್ಟರು ರೋಗಿಗಳಿಗೆ ಹೇಳುವಷ್ಟು ದೊಡ್ಡದಾಗಿ ತಮ್ಮ ಬಾಯಿಯನ್ನೇ ತೆರೆದರು, ಅಂಚೆ ಕಚೇರಿಯ ಹುಡುಗಿ ಕೈಯೆತ್ತಿ ಕುಟ್ಟಿದಳು. ಹಲಗೆಯ ಸಂದಿಗಳಿಂದ ಧೂಳು ಗಂಜಿಯಣ್ಣನ ತಲೆಯ ಮೇಲೆ ಉದುರಿತು. ಮೂಲೆಯಲ್ಲಿದ್ದ ಒಂದು ಡಬ್ಬದ ಮುಚ್ಚಳ ತಾನಾಗಿಯೇ ಕುಣಿಯತೊಡಗಿತು.

ಗಂಜಿಯಣ್ಣ ಕಿವಿಯ ಹತ್ತಿ ಕಿತ್ತು ಎಸೆದ. ಅವನು ತಮ್ಮನ ಬಾರಿಸುವಿಕೆಯನ್ನು ಎದುರು ಕೂತು ಕೇಳಿದ್ದು ಒಂದು ದಿನವೂ ಇಲ್ಲ. ಕೇಳಿದ್ದೆಲ್ಲ ಹೀಗೆಯೇ, ಚಾವಣಿಯ ಕೆಳಗೆ ನಿಂತು. ಅವನು ಎದ್ದು ನಿಂತ. ಕೈಯಲ್ಲಿ ಭಾವನ ಕೊಡೆ ಇತ್ತು. ಹಾಡು ಏರಿತು, ತಿರುಗಿತು, ಮುಗಿಯುವ ಕಡೆಗೆ ಬಂತು. ಕಲಿತವರಿಗೆ ಗುರುವಿನ ವಿದ್ಯೆಗಿಂತ ಮೊದಲು ಗುರುವಿನ ಐಬು ಅಂಟುತ್ತದೆ. ಕೊನೆಯ ಪೆಟ್ಟಿಗೆ ಮುಂಚೆ ಆ ಹುಡುಗಿಯ ಕೈ ಅರೆಗಳಿಗೆ ನಿಂತಿತು, ಒಳಗೆ ಬರುವವನು ಹೊಸಿಲ ಬಳಿ ಕಾಲೊರೆಸಲು ನಿಂತ ಹಾಗೆ.

ಗಂಜಿಯಣ್ಣನ ಕೈ ಅವನನ್ನು ಕೇಳಲಿಲ್ಲ. ಕೊಡೆ ಮೇಲೆದ್ದು ಹಲಗೆಗೆ ಬಡಿಯಿತು. ಟಕ್ ಟಕ್ ಟಕ್.

ಮೇಲೆ ಎಲ್ಲವೂ ನಿಂತುಹೋಯಿತು.

ಕ್ಲಬ್ಬಿನಲ್ಲಿ ತುಂಬಿದ್ದ ಜನ ಅಂದು ಕಂಡದ್ದು ವಿಚಿತ್ರ. ಹಾಡು ಇನ್ನೊಂದು ಪೆಟ್ಟಿಗೆ ಮುಗಿಯಬೇಕು ಎನ್ನುವಾಗ ಡಾಕ್ಟರು ಬಾಯಿ ಮುಚ್ಚಿದರು. ಡ್ರೈವರು ಗಿಟಾರಿನ ವೈರು ಕಳಚಿ ಸುತ್ತತೊಡಗಿದ. ಮೇಷ್ಟ್ರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಮೂವರೂ ಒಂದು ಮಾತಿಲ್ಲದೆ, ತುದಿಗಾಲಲ್ಲಿ, ಹಿಂದಿನ ಮೆಟ್ಟಿಲ ಕಡೆ ನಡೆದರು. ವರ್ಷಗಳ ಅಭ್ಯಾಸ ನೋಡಿ, ತಲೆ ಯೋಚಿಸುವ ಮೊದಲೇ ಕಾಲು ಹೊರಟಿತ್ತು. ಹುಡುಗಿ ಮಾತ್ರ ಕೋಲು ಎತ್ತಿ ಹಿಡಿದು ಸುತ್ತ ನೋಡುತ್ತ ಕುಳಿತಿದ್ದಳು.

ಹಿಂದಿನ ಮೆಟ್ಟಿಲು ಇಳಿದರೆ ಸಿಗುವುದು ಉಗ್ರಾಣದ ಬಾಗಿಲೇ. ಗಂಜಿಯಣ್ಣ ಅದನ್ನು ತೆರೆದು ನಿಂತಿದ್ದ, ತಲೆತುಂಬ ಧೂಳು.

"ಹೊರಟ್ವಿ ಅಣ್ಣ," ಎಂದರು ಮೇಷ್ಟ್ರು, ಬೂಟು ಎದೆಗೊತ್ತಿಕೊಂಡು. "ಇನ್ನು ಬಾರಿಸಲ್ಲ."

"ಎಲ್ಲಿಗೆ ಹೊರಟ್ರಿ?" ಎಂದ ಗಂಜಿಯಣ್ಣ. ಈ ಸಲ ಅವನ ದನಿ ಅವನಿಗೇ ಗುರುತು ಸಿಗದ ಹಾಗೆ ಬಂತು. "ಪ್ರತಿ ಸಲಾನೂ ಹೀಗೇ ಹೋಗಿಬಿಡ್ತೀರಿ. ಊಟಕ್ಕೆ ಕರೆದ್ರೆ ಬೂಟು ಹಿಡ್ಕೊಂಡು ಓಡ್ತೀರಲ್ಲ, ಅಂಥಾದ್ದು ಏನ್ರಪ್ಪ ನಮ್ಮನೆ ಊಟದಲ್ಲಿ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾವ ಊಟ ಅಣ್ಣ?"

"ಯಾವ ಊಟ ಅಂದ್ರೆ? ಟಕ್ ಟಕ್ ಟಕ್ ಅಂದ್ರೆ ಊಟಕ್ಕಾಯ್ತು ಅಂತ. ಮತ್ತೇನು ಅಂತ?"

ಮೇಲೆ ಜನ ಸಿಳ್ಳೆ ಹಾಕುತ್ತಿದ್ದರು. ಡಾಕ್ಟರು ನಿಧಾನವಾಗಿ, ರೋಗಿಯ ಹಲ್ಲು ಯಾವುದು ನೋಯುತ್ತದೆಂದು ತಟ್ಟಿ ತಟ್ಟಿ ನೋಡುವವರಂತೆ ಕೇಳಿದರು.

"ಅಣ್ಣ, ನಿಮಗೆ ನಮ್ಮ ಸದ್ದಿಗೆ ಸಿಟ್ಟು ಬರ್ತಿರಲಿಲ್ವಾ?"

"ಯಾಕೆ ಬರಬೇಕು?"

"ನೀವು ಕುಟ್ಟಿದ ತಕ್ಷಣ ಅವನು ನಮ್ಮನ್ನ ಓಡಿಸಿಬಿಡ್ತಿದ್ದ. ಅಣ್ಣ ಕೆಂಡ ಆಗಿದಾನೆ, ನೀವು ಹೋಗಿ, ಬೈಸ್ಕೊಳ್ಳೋದು ನಾನೊಬ್ಬನೇ ಸಾಕು ಅಂತಿದ್ದ. ನಾವು ಕಣ್ಣಲ್ಲಿ ನೀರು ಹಾಕ್ಕೊಂಡು ಹೋಗ್ತಿದ್ವಿ ಅಣ್ಣ. ಎಂಥಾ ಗೆಳೆಯ, ನಮಗೋಸ್ಕರ ಎಷ್ಟು ಕಷ್ಟ ಪಡ್ತಾನೆ ಅಂತ."

"ನೀವು ಹೊರಗೆ ತಿಂದು ಬಂದಿದೀರ, ಹಸಿವಿಲ್ಲ ಅಂತ ಹೇಳ್ತಿದ್ನಲ್ಲ. ನಿಮ್ಮ ಮೂವರ ಪಾಲೂ ಅವನೇ ತಿಂದು ಮುಗಿಸ್ತಿದ್ದ, ಅತ್ತಿಗೆ ಮನಸ್ಸು ನೋಯಬಾರದು ಅಂತ."

"ಹಸಿವಿಲ್ವಾ?" ಎಂದ ಡ್ರೈವರು. ಅವನು ಒಂದು ಡಬ್ಬದ ಮೇಲೆ ಕುಸಿದ. "ಕೆಳಗಡೆಯಿಂದ ಒಗ್ಗರಣೆ ವಾಸನೆ ಬರ್ತಿತ್ತಲ್ಲ ಅಣ್ಣ, ಅದಕ್ಕೆ ನಮ್ಮ ಹೊಟ್ಟೆ ಹಾಡಿಗಿಂತ ಜೋರಾಗಿ ತಾಳ ಹಾಕ್ತಿತ್ತು. ಬಸ್ ಸ್ಟ್ಯಾಂಡಿಗೆ ಹೋಗಿ ಒಣ ಬ್ರೆಡ್ಡು ಟೀಲಿ ಅದ್ಕೊಂಡು ತಿಂತಿದ್ವಿ. ಪಾಪ, ಅವನಿಗೆ ಇಷ್ಟು ಹೊತ್ತಿಗೆ ಎಷ್ಟು ಬೈಗುಳ ಬಿದ್ದಿರುತ್ತೋ ಅಂತ ಮಾತಾಡ್ಕೊಂಡು ತಿಂತಿದ್ವಿ."

ಮೊದಲು ನಕ್ಕವರು ಮೇಷ್ಟ್ರು. ಆಮೇಲೆ ಡಾಕ್ಟರು ನಕ್ಕರು. ಡ್ರೈವರು ಡಬ್ಬದ ಮೇಲೆ ಹೊಟ್ಟೆ ಹಿಡಿದು ನಕ್ಕ, ನಗುತ್ತ ನಗುತ್ತ ಎಲ್ಲಿ ಎಂದು ಗೊತ್ತಾಗದ ಹಾಗೆ ಅದು ಅಳುವಾಯಿತು. ಬೂಟನ್ನು ಪಕ್ಕಕ್ಕಿಟ್ಟು ಮೇಷ್ಟ್ರು ಅವನ ಬೆನ್ನು ಸವರಿದರು. ಗಂಜಿಯಣ್ಣನಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಸತ್ತವನನ್ನು ಕಿವಿ ಹಿಡಿದು ಎಳೆದು ತಂದು ನಿಲ್ಲಿಸಬೇಕೆಂದು ಅವನ ಕೈ ಗಾಳಿಯಲ್ಲಿ ಒಮ್ಮೆ ತಡವರಿಸಿತು.

ಮ್ಯಾನೇಜರು ಏದುಸಿರು ಬಿಡುತ್ತ ಇಳಿದು ಬಂದು, ಜನ ಕುರ್ಚಿ ಎತ್ತುತ್ತಿದ್ದಾರೆ, ಏನು ಮಾಡಲಿ, ಮುಚ್ಚಿಬಿಡಲೇ ಎಂದು ಕೇಳಿದ. ಎಲ್ಲರೂ ಗಂಜಿಯಣ್ಣನ ಕಡೆ ನೋಡಿದರು. ಅವನನ್ನು ಕೇಳಿ ಒಂದು ಕೆಲಸ ಮಾಡುವ ಪ್ರಸಂಗ ಲೋಕದಲ್ಲಿ ಮೊದಲ ಬಾರಿಗೆ ಬಂದಿತ್ತು.

"ಬಾರಿಸಿ," ಎಂದ. "ಎಷ್ಟಾಗತ್ತೋ ಅಷ್ಟು ಜೋರಾಗಿ. ಸುಣ್ಣ ಉದುರಬೇಕು."

"ನೀವು ಮೇಲೆ ಬನ್ನಿ ಅಣ್ಣ, ಮುಂದಿನ ಸಾಲಲ್ಲಿ ಕೂತ್ಕೊಳ್ಳಿ."

ಗಂಜಿಯಣ್ಣ ಒಲ್ಲೆನೆಂದ. ಬೇಡ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಬೀದಿಯವರು ಕೇಳಿದ್ದರೆ ನಂಬುತ್ತಿರಲಿಲ್ಲ. ತನಗೆ ಇಲ್ಲಿಂದಲೇ ಚೆನ್ನಾಗಿ ಕೇಳುತ್ತದೆ, ಇಲ್ಲಿಂದ ಕೇಳಿಯೇ ಅಭ್ಯಾಸ ಎಂದ. ಮುಗಿದ ಮೇಲೆ ಯಾರೂ ಹಿಂದಿನಿಂದ ಓಡಬೇಡಿ, ನೇರ ಮನೆಗೆ ಊಟಕ್ಕೆ ಹೋಗೋಣ ಎಂದ.

ಅವರು ಬಾರಿಸಿದರು. ಪಕ್ಕದ ಚಪ್ಪಲಿ ಅಂಗಡಿಯಲ್ಲಿ ಪೆಟ್ಟಿಗೆಗಳು ಉರುಳಿದವೆಂದು ಮರುದಿನ ದೂರು ಬಂತಂತೆ. ಆ ಅರೆಗಳಿಗೆ ಬಂದಾಗ ಗಂಜಿಯಣ್ಣ ಕೊಡೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಿಂತ. ಕುಟ್ಟಲಿಲ್ಲ. ಕೊನೆಯ ಪೆಟ್ಟು ಬಿತ್ತು. ಅಷ್ಟು ವರ್ಷಗಳಲ್ಲಿ ಊಟಕ್ಕೆ ಕರೆಯಲು ತಾನೇ ಕುಟ್ಟಿ ತಡೆಯುತ್ತಿದ್ದ ಆ ಪೆಟ್ಟು ಬೀಳುವುದನ್ನು ಅವನು ಕೇಳಿದ್ದು ಅದೇ ಮೊದಲು.

ಬಾಗಿಲು ತೆರೆದ ಹೆಂಡತಿ ಗಂಡನ ಬೆನ್ನ ಹಿಂದೆ ನಾಲ್ಕು ಜನರನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮೈದುನ ಹೋದ ಮೇಲೂ ಆಕೆಯ ಕೈಗೆ ಸಣ್ಣ ಪಾತ್ರೆಯ ಅಳತೆ ಕೂಡಿಬಂದಿರಲಿಲ್ಲ. ಅಡುಗೆ ದಿನವೂ ಮಿಕ್ಕುತ್ತಿತ್ತು, ದಿನವೂ ಅಕ್ಕಪಕ್ಕದವರಿಗೆ ಹಂಚುತ್ತಿದ್ದಳು. ತಟ್ಟೆ ಹಾಕಿದಳು. ಮೂವರು ಗಂಡಸರೂ ಅಂಚೆ ಕಚೇರಿಯ ಹುಡುಗಿಯೂ ತಲೆಯೆತ್ತದೆ ಉಂಡರು. ವರ್ಷಗಟ್ಟಲೆ ಮೂಗಿಗೆ ಮಾತ್ರ ಗೊತ್ತಿದ್ದ ಊಟ ನಾಲಗೆಗೆ ಬಂದಾಗ ಡ್ರೈವರಿಗೆ ತುತ್ತು ಇಳಿಯಲಿಲ್ಲ. ಆಕೆ ಉಪ್ಪು ಕಮ್ಮಿಯೇ ಎಂದು ಕೇಳಿದಳು. ಆಗ ಡಾಕ್ಟರು ಎಲ್ಲವನ್ನೂ ಹೇಳಿದರು.

ಆಕೆ ಸಟ್ಟುಗ ಹಿಡಿದು ನಿಂತೇ ಕೇಳಿದಳು. ಕೇಳಿ ಮುಗಿಯುವ ಹೊತ್ತಿಗೆ ಆಕೆಯ ಮುಖದಲ್ಲಿ, ಬಹಳ ದಿನಗಳ ಮೇಲೆ, ನಗು ಬಂತು.

"ಕಳ್ಳ," ಎಂದಳು. "ನನ್ನ ಕಣ್ಣೆದುರೇ ಕೂತು ತಿಂದ. ಬೆವರು ಬೇರೆ ಒರೆಸ್ಕೊಂಡು ತಿಂದ."

"ಅಷ್ಟು ರುಚಿಯಾಗಿತ್ತಮ್ಮ," ಎಂದರು ಮೇಷ್ಟ್ರು.

"ಇರ್ಬೋದು. ಹೊಟ್ಟೆ ತುಂಬ್ತಿಲ್ಲ ಅತ್ತಿಗೆ ಅಂತ ಒಂದು ಮಾತು ಹೇಳಿದ್ರೆ ಇನ್ನೊಂದು ಪಾತ್ರೆ ಇಡ್ತಿದ್ನಲ್ಲ ನಾನು. ನಿಮ್ಮನ್ಯಾಕೆ ಉಪವಾಸ ಕಳಿಸ್ಬೇಕಿತ್ತು, ದಡ್ಡ."

ಊಟವಾದ ಮೇಲೆ ಮೇಷ್ಟ್ರು ಬೂಟು ಕೈಯಲ್ಲಿ ಹಿಡಿದು ಹಿಂದಿನ ಬಾಗಿಲ ಕಡೆ ಹೊರಟರು. ಮುಂದಿನ ಬಾಗಿಲಿಂದ ಹೋಗಿ, ಕಾಲಿಗೆ ಹಾಕಿಕೊಂಡು ಹೋಗಿ ಎಂದು ಆಕೆ ಗದರಿದಳು. ಭಾನುವಾರ ಬನ್ನಿ ಎಂದಳು. ಮಹಡಿ ಕೋಣೆಯ ಬೀಗದ ಕೈ ತೆಗೆದು ಹುಡುಗಿಯ ಕೈಗಿಟ್ಟಳು.

ಅವರು ಹೋದ ಮೇಲೆ ಗಂಜಿಯಣ್ಣ ಕೋಟು ಬಿಚ್ಚಿ ಮೂಲೆಗೆ ತೂಗುಹಾಕಿ ಬಂದ. ಅಡುಗೆಮನೆಯಲ್ಲಿ ಆಕೆ ದೊಡ್ಡ ಪಾತ್ರೆಯನ್ನು ಮುಂದಿಟ್ಟುಕೊಂಡು ನೆಲದ ಮೇಲೆ ಕುಳಿತಿದ್ದಳು.

"ಖಾಲಿ ಆಯ್ತು ನೋಡಿ ಇವತ್ತು," ಎಂದಳು.

"ಹೌದು," ಎಂದ ಗಂಜಿಯಣ್ಣ.

ಆಕೆ ಸಟ್ಟುಗ ಎತ್ತಿಕೊಂಡು ತಳವನ್ನು ಕರಕರ ಕೆರೆಯತೊಡಗಿದಳು. ಆ ಸದ್ದಿಗೆ ಗಂಜಿಯಣ್ಣನ ಕಣ್ಣಿಗೆ ಎಷ್ಟೋ ದಿನಗಳ ಮೇಲೆ ನಿದ್ದೆ ಎಳೆದು ಬಂತು. ಗೋಡೆಗೊರಗಿ ಅಲ್ಲೇ ಕುಳಿತ. ಆಕೆ ಕೆರೆಯುತ್ತಲೇ ಇದ್ದಳು. ಪಾತ್ರೆಯಲ್ಲಿ ಕೆರೆಯುವುದಕ್ಕೆ ಏನೂ ಉಳಿದಿರಲಿಲ್ಲ.